ಮಂಗಮ್ಮನ ಕಥೆಯನ್ನು ಹೇಗೆಲ್ಲಾ ಓದಬಹುದು?



ವಿಮರ್ಶೆ ಅಂದರೆ ಬರೆದವರ ತಪ್ಪು ಹುಡುಕೋದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ, ಕಥೆಗೆ ನಾವು ಹಾಕುವ ಪ್ರಶ್ನೆಯೇ ವಿಮರ್ಶೆ. ಪ್ರಶ್ನೆ ಬದಲಾದರೆ ಅದೇ ಕಥೆಯಲ್ಲಿ ಬೇರೇನೋ ಕಾಣುತ್ತೆ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಇಟ್ಟುಕೊಂಡು ಇದನ್ನು ನೋಡೋಣ.

ಓದದವರಿಗಾಗಿ ಕಥೆ ಚುಟುಕಾಗಿ ಇಷ್ಟು. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ಮಾರುವವಳು. ಸೊಸೆ ನಂಜಮ್ಮ ಮಗುವನ್ನು ಹೊಡೆದಳು ಅಂತ ಜಗಳವಾಗಿ, ಮಗ ಹೆಂಡತಿ ಕಡೆ ನಿಂತು, ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಒಂಟಿ ಹೆಂಗಸಿನ ಹತ್ತಿರ ದುಡ್ಡಿದೆ ಅಂತ ರಂಗಪ್ಪ ಅನ್ನೋನು ಸಾಲ ಕೇಳಿಕೊಂಡು ಸುಳಿದಾಡುತ್ತಾನೆ. ಕೊನೆಗೆ ಮೊಮ್ಮಗ ಅಜ್ಜಿ ಹತ್ತಿರ ಬಂದುಬಿಡ್ತಾನೆ, ಮನೆ ಒಂದಾಗುತ್ತೆ.

ನಾವು ಪರೀಕ್ಷೆಯಲ್ಲಿ ‘ಅತ್ತೆ ಸೊಸೆ ಹೊಂದಿಕೊಂಡು ಬಾಳಬೇಕು’ ಅಂತ ಬರೆದು ಮುಗಿಸ್ತೀವಿ. ಅಂಕ ಸಿಗುತ್ತೆ, ಕಥೆ ಸಿಗಲ್ಲ.

ಮೊದಲನೆಯದು ಕಾಲವನ್ನು ನೋಡಿ ಓದುವ ರೀತಿ. ಮಾಸ್ತಿಯವರು 1891ರಿಂದ 1986ರವರೆಗೆ ಬದುಕಿದ್ದವರು. ಅವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ. ಹಳ್ಳಿ ಹೆಂಗಸು ಪಟ್ಟಣದ ಮನೆಬಾಗಿಲಿಗೆ ಹೋಗಿ ಮೊಸರು ಅಳೆದುಕೊಟ್ಟು, ಕಾಸು ತನ್ನ ಸೆರಗಿಗೇ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಈಗ ನಮ್ಮ ಕಡೆ ಹಾಲು ಡೇರಿಗೆ ಹೋಗುತ್ತೆ, ಲೆಕ್ಕ ಪುಸ್ತಕದಲ್ಲಿರುತ್ತೆ. ಆ ಪುಸ್ತಕ ಯಾರ ಹೆಸರಲ್ಲಿದೆ ಅಂತ ನಿಮ್ಮ ಮನೆಯಲ್ಲಿ ಒಮ್ಮೆ ನೋಡಿ, ಮಂಗಮ್ಮನ ಗತ್ತು ಅರ್ಥವಾಗುತ್ತೆ.

ಎರಡನೆಯದು ಕಥೆ ಕಟ್ಟಿರುವ ರೀತಿಯನ್ನೇ ನೋಡುವುದು. ನವ್ಯದ ಕಾಲದಲ್ಲಿ ಈ ಓದು ಕನ್ನಡದಲ್ಲಿ ಬಲವಾಯಿತು. ಇಲ್ಲಿ ಕೇಳಬೇಕಾದ್ದು, ಕಥೆ ಹೇಳ್ತಿರೋರು ಯಾರು? ಮಂಗಮ್ಮ ಅಲ್ಲ, ಅವಳ ಹತ್ತಿರ ಮೊಸರು ಕೊಳ್ಳುವ ಪಟ್ಟಣದ ಗೃಹಿಣಿ. ಮಂಗಮ್ಮ ಬುಟ್ಟಿ ಇಳಿಸಿ ಹೇಳಿದಷ್ಟೇ ಆಕೆಗೆ ಗೊತ್ತು, ಆಕೆಗೆ ಗೊತ್ತಿರುವಷ್ಟೇ ನಮಗೆ. ಅದಕ್ಕೇ ಮುಕ್ಕಾಲು ಕಥೆಯವರೆಗೆ ನಂಜಮ್ಮ ಗಯ್ಯಾಳಿಯಾಗೇ ಕಾಣ್ತಾಳೆ. ಆಮೇಲೆ ಒಂದು ದಿನ ನಂಜಮ್ಮನೇ ಮೊಸರು ಹೊತ್ತು ಅದೇ ಬಾಗಿಲಿಗೆ ಬರ್ತಾಳೆ. ದುಡ್ಡು ರಂಗಪ್ಪನ ಪಾಲಾದೀತು ಅಂತ ಹೆದರಿ ಮಗುವನ್ನು ಅಜ್ಜಿ ಹತ್ತಿರ ಕಳಿಸಿದ್ದು ತಾನೇ ಅಂತ ಹೇಳ್ತಾಳೆ! ಅಲ್ಲಿಯವರೆಗೆ ನಾವು ಕೇಳಿದ್ದು ಒಂದೇ ಕಡೆಯ ಮಾತು. ನಲ್ಲಿ ಹತ್ತಿರ ಒಬ್ಬರ ಮಾತು ಕೇಳಿ ಇನ್ನೊಬ್ಬರ ಮನೆ ಸೊಸೆಗೆ ಹೆಸರಿಡೋದು ನಮಗೇನು ಹೊಸದಲ್ಲವಲ್ಲ. ಮಾಸ್ತಿ ಎಲ್ಲೂ ಬೈಯದೆ ನಮ್ಮನ್ನು ಹಿಡಿದುಹಾಕ್ತಾರೆ. ನನಗೆ ಅತಿ ಮೆಚ್ಚುಗೆಯಾದ ಓದು ಇದೇ.

ಆದರೆ ಇದಿಷ್ಟೇ ಸಾಲದು. ಸ್ತ್ರೀವಾದಿ ವಿಮರ್ಶೆಯನ್ನು ಕನ್ನಡದಲ್ಲಿ ಬೆಳೆಸಿದವರಲ್ಲಿ ಮೊದಲಿಗರಾದ ವಿಜಯಾ ದಬ್ಬೆ (1951–2018) ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನವರು. ಆ ದಾರಿಯಲ್ಲಿ ಹೊರಟರೆ ಪ್ರಶ್ನೆಗಳು ಚುರುಕಾಗ್ತವೆ. ಇಬ್ಬರು ಹೆಂಗಸರು ಕಾದಾಡುವಾಗ ಮಗ ಏನು ಮಾಡ್ತಿದ್ದ? ತಾನು ದುಡಿದ ದುಡ್ಡಲ್ಲಿ ಮಂಗಮ್ಮ ಮಖಮಲ್ಲಿನ ರವಿಕೆ ಹೊಲಿಸಿಕೊಂಡರೆ ನಮಗೆ ನಗು ಯಾಕೆ ಬರುತ್ತೆ? ಮನೆ ಒಂದಾಯಿತು ಸರಿ, ಅವಳ ಗಂಟು ಆಮೇಲೆ ಯಾರ ಕೈಗೆ ಹೋಯಿತು?

ಮನಶ್ಶಾಸ್ತ್ರದ ಓದೂ ಇದೆ, ಮಗನ ಮೇಲಿನ ಹಿಡಿತಕ್ಕೇ ಈ ಜಗಳವೆಲ್ಲ ಅನ್ನುತ್ತೆ. ಇರಬಹುದು. ಎಲ್ಲವನ್ನೂ ಅದಕ್ಕೇ ಕಟ್ಟಿದರೆ ಮೊಸರಿನ ದುಡ್ಡು ಮರೆತುಹೋಗುತ್ತೆ.

ಈಗ ನಿಮ್ಮ ಸರದಿ. ಹಾಸನದವರೇ ಆದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ‘ಹಾರ್ಟ್ ಲ್ಯಾಂಪ್’ ಎಂಬ ಆ ಪುಸ್ತಕಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅವರ ‘ಕರಿ ನಾಗರಗಳು’ ಕಥೆಯಿಂದ ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದ್ದಾರೆ. ಅದನ್ನು ಕನ್ನಡದಲ್ಲೇ ಓದಿ. ಮಾತು ಯಾರದು, ದುಡ್ಡು ಯಾರ ಕೈಲಿದೆ, ಸುಮ್ಮನಿದ್ದವರು ಯಾರು ಅಂತ ಕೇಳಿಕೊಂಡು ಒಂದು ಪುಟ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಈ ಜಾಗ ನಿಮಗೇ ಖಾಲಿ ಬಿಟ್ಟಿರ್ತೀವಿ.