ಅರಿವು ಮತ್ತು ಗ್ನೋಸಿಸ್

ಶಹಾಪುರ ಸೀಮೆಯ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇದೆ. 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾಹನ ಸಮಾಧಿಯೂ ಅಲ್ಲಿಯೇ ಉಂಟು. ವಿಜಾಪುರದ ರಾಜ್ಯವನ್ನು ಕಟ್ಟಿದವನು ತನ್ನ ರಾಜಧಾನಿಯಲ್ಲಲ್ಲ, ಜ್ಞಾನಿಯೊಬ್ಬನ ಸನ್ನಿಧಿಯಲ್ಲಿ ಮಲಗಿದ್ದಾನೆ. ದೇವರನ್ನು ಓದಿ ತಿಳಿಯುವುದು ಬೇರೆ, ಅನುಭವದಿಂದ ಅರಿಯುವುದು ಬೇರೆ. ಈ ಎರಡನೆಯದನ್ನು ಸೂಫಿಗಳು ‘ಮಾರಿಫತ್’ ಎನ್ನುವರು. ಶರಣರು ಅದನ್ನು ‘ಅರಿವು’ ಎಂದರು. ಗ್ರೀಕರ ಮಾತು ‘ಗ್ನೋಸಿಸ್’. ಈ ಪದವೂ ಸಂಸ್ಕೃತದ ‘ಜ್ಞಾನ’ವೂ ಒಂದೇ ಮೂಲಧಾತುವಿನಿಂದ ಹುಟ್ಟಿದವು. ಆದರೆ ಮಾತು ಒಂದೇ ಬೇರಿನದಾದ ಮಾತ್ರಕ್ಕೆ ದಾರಿಯೂ ಒಂದೇ ಆದೀತೆ? ಇದು ವಿಚಾರಿಸತಕ್ಕ ವಿಷಯ.

ಕ್ರಿಸ್ತಶಕ 2ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಮೊದಲಾದ ನಗರಗಳಲ್ಲಿ ಗ್ನೋಸಿಸ್ಸೇ ಮುಕ್ತಿಸಾಧನವೆಂದು ನಂಬಿದ ಪಂಥಗಳು ಪ್ರಬಲವಾದವು. ಬ್ಯಾಸಿಲಿಡೀಸ್, ವ್ಯಾಲೆಂಟೈನಸ್ ಎಂಬವರು ಇವುಗಳ ಪ್ರಮುಖ ಆಚಾರ್ಯರು. ಯಹೂದ್ಯ ಮತ್ತು ಕ್ರೈಸ್ತ ನಂಬಿಕೆಗಳೂ ಪ್ಲೇಟೋವಿನ ತತ್ತ್ವವೂ ಇವರ ಬೋಧೆಯಲ್ಲಿ ಬೆರೆತಿದ್ದವು. ಬಹುಕಾಲ ಇವರ ವಿಚಾರವು ವಿರೋಧಿಗಳ ಖಂಡನಗ್ರಂಥಗಳಿಂದಲೇ ಹೆಚ್ಚಾಗಿ ತಿಳಿದುಬರುತ್ತಿತ್ತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಗೊಬ್ಬರದ ಮಣ್ಣನ್ನು ಅಗೆಯುತ್ತಿದ್ದ ರೈತರಿಗೆ ಮಣ್ಣಿನ ಗಡಿಗೆಯೊಂದು ದೊರೆಯಿತು. ಅದರೊಳಗಿನ ಹಳೆಯ ಹೊತ್ತಗೆಗಳಿಂದ ಅವರ ಸ್ವಂತ ಮಾತು ಲೋಕಕ್ಕೆ ಕೇಳಿಸಿತು.

ಮನುಷ್ಯನೊಳಗೆ ದಿವ್ಯವಾದ ಕಿಡಿಯಿದೆ, ಮರೆವು ಅದನ್ನು ಮುಚ್ಚಿದೆ, ಅರಿತರೆ ಬಿಡುಗಡೆ. ಇಷ್ಟನ್ನು ಶರಣನೂ ಒಪ್ಪುವನು. ಆದರೆ ಆ ಪಂಥದವರಲ್ಲಿ ಅನೇಕರು ಇನ್ನೂ ಮುಂದೆ ಹೋದರು. ಲೋಕವನ್ನು ರಚಿಸಿದವನು ಪರಮದೇವನಲ್ಲ, ಅವನಿಗಿಂತ ಕೀಳಾದ ಒಬ್ಬ ಕರ್ತನು. ಆದುದರಿಂದ ದೇಹವು ಸೆರೆಮನೆ, ಲೋಕದಿಂದ ಪಾರಾಗುವುದೇ ಮುಕ್ತಿ ಎಂದರು. ಇಲ್ಲಿ ಶರಣರ ದಾರಿ ಬೇರೆಯಾಗುತ್ತದೆ. ಅವರು ಕಾಯವನ್ನು ಹಳಿದು ಬಿಡಲಿಲ್ಲ; ಅದನ್ನೇ ಶಿವನ ಆಲಯವಾಗಿ ಕಂಡು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದರು. ಅರಿವಿಗೆ ಆಚಾರವನ್ನು ಜೊತೆಗೂಡಿಸಿ, ಕಾಯಕ ದಾಸೋಹಗಳಲ್ಲಿ ಅದನ್ನು ಒರೆಗೆ ಹಚ್ಚಿದರು.

ಶೂನ್ಯಸಂಪಾದನೆಯಲ್ಲಿ ಬರುವ ಮೋಳಿಗೆಯ ಮಾರಯ್ಯನ ಪ್ರಸಂಗವು ಇದಕ್ಕೆ ಸಾಕ್ಷಿ. ಕಟ್ಟಿಗೆ ಹೊತ್ತು ಮಾರಿ ದಾಸೋಹ ನಡೆಸುತ್ತಿದ್ದ ಆ ಶರಣನಿಗೂ ಲಿಂಗೈಕ್ಯದ ಹಂಬಲ ಹುಟ್ಟಿತು. ಲಿಂಗವು ಬೇರೆಲ್ಲಿಯೂ ಇಲ್ಲ, ನಿನ್ನಲ್ಲಿಯೇ ಇದೆ, ಅರಸುತ್ತ ಹೋಗಬೇಕಾದ ಎಡೆಯಿಲ್ಲ ಎಂಬ ಭಾವವನ್ನು ತಿಳಿಯಹೇಳಿದವಳು ಪತ್ನಿ ಮಹಾದೇವಿಯಮ್ಮ. ಅರಿವು ಅಲ್ಲಿ ಗುಹೆಯಿಂದ ಬರಲಿಲ್ಲ, ಮನೆಯೊಳಗಿನಿಂದಲೇ ಬಂದಿತು.

ಸಂಸಾರದ ಭಾರದಲ್ಲಿ ಬೇಸತ್ತ ಗೃಹಸ್ಥನಿಗೆ, ಇದೆಲ್ಲವನ್ನೂ ಬಿಟ್ಟರೆ ಮಾತ್ರ ಜ್ಞಾನವುಂಟೆಂದು ಒಮ್ಮೊಮ್ಮೆ ತೋರುವುದು ಸಹಜ. ಅಂಥವನು ದೂರ ನೋಡಬೇಕಾಗಿಲ್ಲ. ಗೋಗಿಗೆ ನೆರೆಯಾದ ಸುರಪುರ ಸೀಮೆಯ ಮುದನೂರಿನವನೆಂದು ಪ್ರಸಿದ್ಧನಾದ ದೇವರ ದಾಸಿಮಯ್ಯನು ಸತಿ ದುಗ್ಗಳೆಯೊಡನೆ ಬಾಳಿ, ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಲೇ ಶಿವನನ್ನು ಅರಿತನು. ಅರಿವು ಲೋಕದಿಂದ ಓಡುವ ಬಾಗಿಲಲ್ಲ. ಲೋಕದಲ್ಲಿ ಶರಣನಾಗಿ ನಿಲ್ಲುವ ನೆಲೆ.