ಟೋಕನ್ನಿಗೆ ಮೊದಲು ವಕೀಲರ ಫೀಸು

ಮನೆ ಕೊಳ್ಳುವವರು ಬ್ರೋಕರ್ ಕಮಿಷನ್ನಿಗೆ ದುಡ್ಡು ಎತ್ತಿಡುತ್ತಾರೆ, ಸ್ಟ್ಯಾಂಪ್ ಡ್ಯೂಟಿ ಲೆಕ್ಕ ಹಾಕುತ್ತಾರೆ, ಗೃಹಪ್ರವೇಶದ ಊಟಕ್ಕೂ ಬಜೆಟ್ ಇರುತ್ತದೆ. ಕರಾರು ಓದಿಸಲು ವಕೀಲರಿಗೆ ಕೊಡುವ ಫೀಸು ಮಾತ್ರ ದಂಡ ಅನ್ನಿಸುತ್ತದೆ.

ಮೈಸೂರಿನಲ್ಲಿ ನಾನು ಹಳೇ ಮನೆಯೊಂದನ್ನು ಕೊಳ್ಳಹೊರಟಾಗ ಬ್ರೋಕರ್ ಸೇಲ್ ಅಗ್ರಿಮೆಂಟಿನ ಪ್ರಿಂಟ್ ಕೈಗಿತ್ತು, "ಎಲ್ಲಾ ಕಡೆ ಇದೇ ಫಾರ್ಮ್ಯಾಟು ಸಾರ್, ಹೆಸರು, ಅಳತೆ ಹಾಕಿದ್ರೆ ಮುಗೀತು" ಎಂದರು. ಅದನ್ನು ಹಾಗೇ ಒಯ್ದು ಸಿವಿಲ್ ವಕೀಲರೊಬ್ಬರ ಮುಂದಿಟ್ಟೆ. ಅವರ ಫೀಸು 10,000 ರೂಪಾಯಿ. ನಾನು ಕೊಡಬೇಕಿದ್ದ ಮುಂಗಡ 6 ಲಕ್ಷ.

ಅವರು ಪೆನ್ಸಿಲ್ ಹಿಡಿದು ಓದಿದರು. ಮೂರು ತಿಂಗಳೊಳಗೆ ಬಾಕಿ ಕಟ್ಟದಿದ್ದರೆ ಮುಂಗಡ ಮುಟ್ಟುಗೋಲು ಎಂಬ ಸಾಲಿನ ಪಕ್ಕ ಗೆರೆ ಎಳೆದು, "ಮಾರುವವರ ದಾಖಲೆ ಸರಿಯಿಲ್ಲ ಅಂತ ಬ್ಯಾಂಕೇ ಸಾಲ ಕೊಡದಿದ್ರೆ?" ಎಂದು ಕೇಳಿದರು. ಅಗ್ರಿಮೆಂಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಾರುವವರೇ ತಡ ಮಾಡಿದರೆ ಏನು ಎಂಬುದೂ ಇರಲಿಲ್ಲ. ಆಸ್ತಿ ಅವರ ತೀರಿಕೊಂಡ ತಂದೆಯದು, ವಿಲ್ ಇರಲಿಲ್ಲ. ವಾರಸುದಾರರೆಲ್ಲರ ಒಪ್ಪಿಗೆ ಇದೆ ಎಂದು ಬರೆದಿತ್ತು, ಸಹಿಗೆ ಬಿಟ್ಟಿದ್ದ ಜಾಗ ಮಾತ್ರ ಒಂದೇ. ಅಕ್ಕತಂಗಿಯರೂ ಹಕ್ಕುದಾರರು, ಅವರ ಸಹಿಯೂ ಬೇಕು ಎಂದರು ವಕೀಲರು.

ಮುಟ್ಟುಗೋಲಿನ ಸಾಲಿಗೆ ಕಾನೂನಿನ ಕಡಿವಾಣ ಇಲ್ಲದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದಾಗ ಸಿಗುವುದು ಅದರಲ್ಲಿ ಬರೆದ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರ ಮಾತ್ರ. ಆದರೆ ಅದನ್ನು ಕೋರ್ಟಿನಿಂದ ಹೇಳಿಸಿಕೊಳ್ಳಲು ವರ್ಷಗಟ್ಟಲೆ ಅಲೆಯಬೇಕು. ದಾಖಲೆಯ ದೋಷದಿಂದ ಸಾಲ ಸಿಗದಿದ್ದರೆ ಪೂರ್ತಿ ಮುಂಗಡ ವಾಪಸ್ ಎಂಬ ಒಂದು ಸಾಲು ಸೇರಿಸಿದರೆ ಆ ಅಲೆದಾಟವೇ ಬೇಡ. ಮಾರುವವರು ಸ್ವಲ್ಪ ಗೊಣಗಿ ಒಪ್ಪಿದರು. ಅಕ್ಕತಂಗಿಯರೂ ಬಂದು ಸಹಿ ಹಾಕಿದರು.

"ಬ್ಯಾಂಕಿನ ವಕೀಲರು ನೋಡ್ತಾರಲ್ಲ" ಎನ್ನುವವರಿದ್ದಾರೆ. ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಆಸ್ತಿ ಭದ್ರವೇ ಎಂದು. ಇ.ಸಿ. (ಋಣಭಾರ ಪ್ರಮಾಣಪತ್ರ), ಮೂಲಪತ್ರ, ಖಾತೆ ಸರಿಯಿದ್ದರೆ ಅವರ ಕೆಲಸ ಆಯಿತು. ನಿಮ್ಮ ಮುಂಗಡ ಯಾವಾಗ, ಹೇಗೆ ವಾಪಸ್ ಬರಬೇಕು ಎಂಬುದು ಅವರ ತಲೆನೋವಲ್ಲ. ಬಿಲ್ಡರ್ ಕಡೆಯ ವಕೀಲರಂತೂ ಬಿಲ್ಡರ್ ಕಡೆಯವರೇ. ಹೊಸ ಫ್ಲ್ಯಾಟ್ ಆದರೆ ಇದೂ ತಿಳಿದಿರಲಿ: ರೇರಾ ಕಾಯ್ದೆಯ ಪ್ರಕಾರ, ಕರಾರು ನೋಂದಣಿ ಆಗುವ ಮುಂಚೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ವಕೀಲರು ಜಾಹೀರಾತು ಕೊಡಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಹಾಗಾಗಿ ಈಚೆಗೆ ಆಸ್ತಿ ಕೊಂಡವರನ್ನು ಕೇಳಿ ಹುಡುಕಬೇಕು. ಫೀಸಿನಲ್ಲಿ ಏನೇನು ಸೇರಿದೆ ಎಂದು ಮೊದಲೇ ಮಾತಾಡಿಕೊಳ್ಳಿ: ಓದಿ ಹೇಳುವುದಷ್ಟೆಯೇ, ತಿದ್ದಿ ಬರೆಯುವುದೂ ಸೇರಿದೆಯೇ, ಎದುರು ಪಕ್ಷದ ಜೊತೆ ಮಾತುಕತೆಗೆ ಬರುತ್ತಾರೆಯೇ, ಕ್ರಯಪತ್ರವೂ ಅದೇ ಫೀಸಿನಲ್ಲಿ ಆಗುತ್ತದೆಯೇ.

ಫೀಸಿಗೆ ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಟೋಕನ್ ಕೊಟ್ಟ ಮೇಲೆ ಹೋದರೆ ಅದೇ ಫೀಸಿಗೆ ತೊಡಕುಗಳ ಪಟ್ಟಿ ಸಿಗುತ್ತದೆ, ತಿದ್ದಿಸುವ ಬಲ ಸಿಗುವುದಿಲ್ಲ.