ವಯಸ್ಸಾಯಿತೆಂದು ಕೈಕಟ್ಟಿ ಕೂರಬೇಡಿ

ಐವತ್ತರ ಹೊಸ್ತಿಲಲ್ಲಿ ಕೆಲಸ ಹೋಗಿದೆಯೇ? ನಡೆಸುತ್ತಿದ್ದ ಅಂಗಡಿಗೆ ಬೀಗ ಬಿದ್ದಿದೆಯೇ? ‘ಈ ವಯಸ್ಸಲ್ಲಿ ಇನ್ನೇನು’ ಎಂದು ನಿಟ್ಟುಸಿರು ಬಿಡುವ ಮೊದಲು ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನು ನೆನೆಯಿರಿ. ಸೇನೆ ಬಿಟ್ಟು ಬಂದವರಿಗೆ ಸಿಕ್ಕಿದ್ದು, ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ ಬಳಿಯ ಬರಡು ನೆಲ. ಅಲ್ಲೇ ಡೇರೆ ಹಾಕಿ ತೆಂಗು, ರೇಷ್ಮೆ ಬೆಳೆದರು. ಹಾಸನದಲ್ಲಿ ಹೋಟೆಲ್, ಬೈಕ್ ಡೀಲರ್‌ಶಿಪ್ ನಡೆಸಿದರು. 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರಲ್ಲಿ ಅವರ ವಿಮಾನಯಾನ ಸಂಸ್ಥೆ ಏರ್ ಡೆಕ್ಕನ್ ಹಾರಿದಾಗ ಅವರಿಗೆ ಐವತ್ತು ದಾಟಿತ್ತು.

ನಾವು ವಿಮಾನವನ್ನೇ ಹಾರಿಸಬೇಕೆಂದಿಲ್ಲ. ಬಲ್ಲ ವಿದ್ಯೆಯಿಂದಲೇ ಶುರು ಮಾಡೋಣ. ಲೆಕ್ಕಪತ್ರ ಬಲ್ಲವರಿಗೆ ಬೀದಿಯ ನಾಲ್ಕು ಅಂಗಡಿಗಳ ಜಿಎಸ್‌ಟಿ ಕೆಲಸ ಸಾಕು. ಕೈರುಚಿ ಇದ್ದವರು ಮೊದಲು ಹತ್ತು ಮನೆಗೆ ಚಟ್ನಿಪುಡಿ ಕೊಡಿ. ಬೆಲೆ ಕಟ್ಟುವಾಗ ಶೇಂಗಾ, ಗ್ಯಾಸು, ಪೊಟ್ಟಣದ ಜೊತೆ ನಿಮ್ಮ ಕೂಲಿಯನ್ನೂ ಸೇರಿಸಿ. ಎಷ್ಟೋ ಜನ ಮರೆಯುವುದು ಅದನ್ನೇ. ಮಾರಾಟಕ್ಕೆ ಇಳಿಯುವ ಮೊದಲೇ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ. ಅರ್ಧಕ್ಕೆ ನಿಂತ ಓದು ಕೊರೆಯುತ್ತಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ಪಿಎಫ್ ಹಣವನ್ನೆಲ್ಲ ಒಂದೇ ಸಲಕ್ಕೆ ಸುರಿಯಬೇಡಿ, ಮನೆಪತ್ರ ಅಡವಿಡಬೇಡಿ. ಆಸ್ಪತ್ರೆ ಖರ್ಚಿಗೆ, ಒಂದು ವರ್ಷದ ಸಂಸಾರಕ್ಕೆ ಎತ್ತಿಟ್ಟು ಉಳಿದದ್ದರಲ್ಲಿ ಹೆಜ್ಜೆ ಇಡಿ. ಮೊಬೈಲ್ ವ್ಯವಹಾರ ತಿಳಿಯದಿದ್ದರೆ ಮಕ್ಕಳಿಂದ ಕಲಿಯಲು ನಾಚಬೇಡಿ. ಇಷ್ಟು ವರ್ಷ ಗಳಿಸಿದ ಅನುಭವ, ಜನರ ವಿಶ್ವಾಸ ಇಪ್ಪತ್ತರ ಹರೆಯದಲ್ಲಿ ನಿಮಗಿರಲಿಲ್ಲ. ಇಂದು ಇದೆ, ಬಳಸಿಕೊಳ್ಳಿ.